ಪುಟ್ಟ ಕಾರಿಗೆ ಪ್ರೈಮರ್: ಕಬ್ಬಿಣದ ಲೆಕ್ಕ ಇಲ್ಲಿ ನಡೆಯುವುದಿಲ್ಲ

ಲೋಹದ ಪುಟ್ಟ ಮಾಡೆಲ್ ಕಾರಿಗೆ ಒಂದು ಆಯಸ್ಕಾಂತ ಹಿಡಿದು ನೋಡಿ. ಚಕ್ರದ ಸರಳಿಗೆ ಅಂಟುತ್ತದೆ, ಮೈಗೆ ಅಂಟುವುದಿಲ್ಲ. ಮೈ ಇರುವುದು ಜಾಮಾಕ್‌ನದ್ದು. ಸತುವಿಗೆ ಶೇಕಡಾ 4ರಷ್ಟು ಅಲ್ಯೂಮಿನಿಯಂ, ಚೂರು ಮೆಗ್ನೀಸಿಯಂ ಮತ್ತು ತಾಮ್ರ ಸೇರಿಸಿದ ಎರಕದ ಲೋಹ ಅದು. ಹಳೆ ಬಣ್ಣ ತೆಗೆಯುವುದರಿಂದ ಹಿಡಿದು ಬಣ್ಣಕ್ಕೆ ಮೊದಲು ಕೊಡುವ ಪ್ರೈಮರ್‌ವರೆಗೆ ನಾನು ಮಾಡುವುದೆಲ್ಲ ಇದೊಂದನ್ನು ನೋಡಿಕೊಂಡೇ.

ಕಾಸರಗೋಡು ಪೇಟೆಯಲ್ಲಿ ಪ್ರೈಮರ್ ಕೇಳಿದರೆ ಅಂಗಡಿಯವರು ಮೊದಲು ಕೇಳುವುದು "ಇರುಂಬಿನಾಣೋ?" ಅಂತ, ಅಂದರೆ ಮಲಯಾಳದಲ್ಲಿ "ಕಬ್ಬಿಣಕ್ಕಾ?". ಹೌದು ಅಂದರೆ ರೆಡ್ ಆಕ್ಸೈಡ್ ಡಬ್ಬಿ ಕೈಗೆ ಬರುತ್ತದೆ. ಗೇಟಿಗೆ, ಕಿಟಕಿ ಸರಳಿಗೆ ಅದು ಒಳ್ಳೆಯದೇ. ಸತುವಿನ ಮೇಲೆ ಮಾತ್ರ ನಿಲ್ಲುವುದಿಲ್ಲ. ಎಣ್ಣೆ ಆಧಾರದ ಪೇಂಟ್ ಸತುವಿನ ಜೊತೆ ಸೇರಿ ಅಡಿಯಲ್ಲಿ ಸಾಬೂನಿನಂಥ ಪದರ ಕಟ್ಟುತ್ತದೆ, ಆಮೇಲೆ ಸಿಪ್ಪೆಯಾಗಿ ಏಳುತ್ತದೆ. ಹಾಗಾಗಿ ನಾನು ಹೋಗುವುದು ದೊಡ್ಡ ಕಾರಿನ ಪೇಂಟ್ ಮಾರುವ ಅಂಗಡಿಗೆ. ಕೇಳುವುದು ಎಚ್ (etch) ಪ್ರೈಮರ್. ಅದರಲ್ಲಿ ಫಾಸ್ಫಾರಿಕ್ ಆಸಿಡ್ ಇರುತ್ತದೆ. ಅದು ಲೋಹವನ್ನು ಸ್ವಲ್ಪ ಕಚ್ಚಿ ಹಿಡಿಯುತ್ತದೆ.

ಮೊದಲು ಕಾರು ಬಿಚ್ಚಬೇಕು. ಅಡಿಯ ರಿವೆಟ್‌ನ ತಲೆಯನ್ನು 3 ಮಿ.ಮೀ. ಬಿಟ್‌ನಲ್ಲಿ ನಿಧಾನ ಕೊರೆಯುತ್ತೇನೆ. ತಲೆ ಹೋದರೆ ಸಾಕು, ಕಂಬ ಉಳಿಯಬೇಕು. ಆಮೇಲೆ ಆ ಕಂಬಕ್ಕೇ 1.6 ಮಿ.ಮೀ. ತೂತು ಹಾಕಿ 2 ಮಿ.ಮೀ. ಸ್ಕ್ರೂಗೆ ಟ್ಯಾಪ್ ಹೊಡೆದು ತಿರುಪಿನ ಗೆರೆ ಕೊರೆದರೆ ಮತ್ತೆ ಜೋಡಿಸುವುದು ಸುಲಭ. ಗಾಜು, ಸೀಟು, ಚಕ್ರ ಎಲ್ಲ ತೆಗೆದಿಡಿ, ಪ್ಲಾಸ್ಟಿಕ್ಕಿಗೆ ಬಣ್ಣ ತೆಗೆಯುವ ರಿಮೂವರ್ ತಾಗಿದರೆ ಮುಗಿಯಿತು.

ಹಳೆ ಬಣ್ಣ ತೆಗೆಯಲು ಕಾಸ್ಟಿಕ್ ಸೋಡಾ ಹಾಕಿ ಅಂತ ಕೆಲವರು ಹೇಳುತ್ತಾರೆ. ಬೇಡ. ಕಾಸ್ಟಿಕ್ ಸತುವನ್ನೂ ಅಲ್ಯೂಮಿನಿಯಮ್ಮನ್ನೂ ತಿನ್ನುತ್ತದೆ, ಮೈ ಕಪ್ಪಾಗಿ ಒರಟಾಗುತ್ತದೆ. ಪೇಂಟ್ ರಿಮೂವರ್ ಜೆಲ್ ಸಾಕು. ಗ್ಲೌಸ್ ಹಾಕಿ, ಜಗಲಿಯ ಹೊರಗೆ ಗಾಳಿಯಲ್ಲಿ ನಿಂತು ಮಾಡಿ. ಚರ್ಮಕ್ಕೆ ತಾಗಿದರೆ ಸುಡುತ್ತದೆ. ಬಣ್ಣ ಸುಕ್ಕುಗಟ್ಟಿದ ಮೇಲೆ ಬ್ರಷ್‌ನಲ್ಲಿ ಉಜ್ಜಿ, ಪಾತ್ರೆ ತೊಳೆಯುವ ಸೋಪಿನಲ್ಲಿ ಚೆನ್ನಾಗಿ ತೊಳೆಯುತ್ತೇನೆ.

ಬರಿಯ ಲೋಹ ಕಂಡಾಗ ಅಚ್ಚಿನ ಎರಡು ಭಾಗ ಕೂಡಿದ ಗೆರೆ ಎದ್ದು ಕಾಣುತ್ತದೆ. ಅದಕ್ಕೆ ಸಣ್ಣ ಅರ. ಆಮೇಲೆ ನೀರು ಹಾಕಿ 400, ಮತ್ತೆ 600 ನಂಬರಿನ ವಾಟರ್ ಪೇಪರ್. ಬಾಗಿಲಿನ ಗೆರೆ, ಬಾನೆಟ್ಟಿನ ಗೆರೆ ಸವೆಯದ ಹಾಗೆ ನೋಡಿಕೊಳ್ಳಿ. ನಾನು ಆ ಗೆರೆಗಳನ್ನು ಬ್ಲೇಡಿನ ತುದಿಯಿಂದ ಇನ್ನಷ್ಟು ಆಳ ಮಾಡುತ್ತೇನೆ. ಇಲ್ಲದಿದ್ದರೆ ಪ್ರೈಮರ್, ಬಣ್ಣ, ಬಣ್ಣದ ಮೇಲಿನ ಪಾರದರ್ಶಕ ಕ್ಲಿಯರ್ ಎಲ್ಲ ಸೇರಿ ಅದನ್ನು ತುಂಬಿಬಿಡುತ್ತವೆ. ಕೊನೆಗೆ ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿದ ಮೇಲೆ ಬರಿಗೈಯಲ್ಲಿ ಮುಟ್ಟುವುದಿಲ್ಲ. ನಮ್ಮ ಕಡೆ ಬೆವರಿಗೇನು ಬರವೇ?

ಇನ್ನು ಹವೆ. ಮಳೆ ಸುರಿಯುವ ಆಟಿ ತಿಂಗಳಲ್ಲಿ ನಾನು ಬಿಚ್ಚುವುದು, ಬಣ್ಣ ತೆಗೆಯುವುದು ಮಾತ್ರ ಮಾಡುತ್ತೇನೆ. ಸ್ಪ್ರೇ ಮಾಡಿದರೆ ಥಿನ್ನರ್ ಆರುವಾಗ ಮೈ ತಣ್ಣಗಾಗಿ ಗಾಳಿಯ ತೇವ ಅಲ್ಲೇ ಕೂತು ಬೆಳ್ಳಗೆ ಮಂಜು ಹಿಡಿಯುತ್ತದೆ. ಹಾಗಂತ ಮಳೆಗಾಲದಲ್ಲಿ ಬರಿ ಲೋಹವನ್ನು ತೆರೆದಿಡಲೂ ಆಗದು, ಅದಕ್ಕೂ ಬಿಳಿ ಪುಡಿ ಬರುತ್ತದೆ. ಒಣಗಿಸಿ, ಅಕ್ಕಿ ಡಬ್ಬಿಯ ಹಾಗೆ ಗಾಳಿಯಾಡದ ಡಬ್ಬಿಯಲ್ಲಿ ಇಡುತ್ತೇನೆ. ಬಿಸಿಲು ಬಂದ ಮೇಲೆ, ಬೆಳಿಗ್ಗೆ ಹತ್ತರ ಹೊತ್ತಿಗೆ, ಗಾಳಿ ಏಳುವ ಮೊದಲೇ ಸ್ಪ್ರೇ. ಅಡಿಕೆ ಸುಲಿಯುವ ದಿನ ಮಾತ್ರ ಆ ಕಡೆ ತಲೆ ಹಾಕುವುದಿಲ್ಲ, ಸಿಪ್ಪೆಯ ದೂಳು ಪೂರ್ತಿ ಕಾರಿನ ಮೇಲೆಯೇ!

ಎಚ್ ಪ್ರೈಮರ್ ತೆಳುವಾಗಿ ಒಂದು ಕೋಟ್. ಕೆಳಗಿನ ಲೋಹ ಸ್ವಲ್ಪ ಕಂಡರೂ ಪರವಾಗಿಲ್ಲ. ಅದು ತೇವ ಎಳೆಯುತ್ತದೆ, ಹಾಗೇ ಬಿಡಬಾರದು. ಡಬ್ಬಿಯಲ್ಲಿ ಬರೆದ ಹೊತ್ತಿನೊಳಗೆ ಗ್ರೇ ಸರ್ಫೇಸರ್, ಅಂದರೆ ಮೈ ಸಮ ಮಾಡುವ ಬೂದು ಪ್ರೈಮರ್, ಕೊಡಬೇಕು. ಕ್ಯಾನ್ ಅನ್ನು 20-25 ಸೆಂ.ಮೀ. ದೂರ ಹಿಡಿದು, ಕಾರಿನ ಹೊರಗೇ ಒತ್ತಲು ಶುರುಮಾಡಿ ಹೊರಗೇ ನಿಲ್ಲಿಸುತ್ತೇನೆ. ಒಂದೇ ಸಲ ದಪ್ಪಗೆ ಹೊಡೆದರೆ ಇಳಿಯುತ್ತದೆ. ಗ್ರೇ ಬಿದ್ದಾಗ ಎರಕದ ಸಣ್ಣ ಗುಳಿಗಳೆಲ್ಲ ಕಾಣುತ್ತವೆ. ಅದಕ್ಕೆ ಎನ್‌.ಸಿ. ಪುಟ್ಟಿ (ಗುಳಿ ತುಂಬುವ ನೈಟ್ರೋಸೆಲ್ಯುಲೋಸ್ ಪೇಸ್ಟ್), ಆರಿದ ಮೇಲೆ 800 ಪೇಪರ್, ಮತ್ತೆ ಆ ಜಾಗಕ್ಕೆ ಸ್ವಲ್ಪ ಗ್ರೇ.

ಮೂಗಿಗೆ ಥಿನ್ನರ್ ವಾಸನೆ ಬರುತ್ತಿರುವಷ್ಟು ಹೊತ್ತು ಬಣ್ಣ ಹಚ್ಚುವುದಿಲ್ಲ. ವಾಸನೆ ಹೋದ ಮೇಲೆ ಅಡಿಭಾಗದ ಅಂಚಿಗೆ ಮಾಸ್ಕಿಂಗ್ ಟೇಪ್ ಅಂಟಿಸಿ ಎಳೆಯುತ್ತೇನೆ. ಟೇಪಿನಲ್ಲಿ ಏನೂ ಬರದಿದ್ದರೆ ಕೆಂಪೋ ಹಳದಿಯೋ ಕೊಡುವ ಕಾರಿಗೆ ಮೇಲೊಂದು ಬಿಳಿ ಪ್ರೈಮರ್ ಬೀಳುತ್ತದೆ. ಉಳಿದವಕ್ಕೆ ಗ್ರೇಯೇ ಸಾಕು.