ಸಿಗದ ಪುಟಗಳು: ಕನ್ನಡ ಜಾಲತಾಣಗಳಲ್ಲಿ 404 ನಿಭಾಯಿಸುವ ನನ್ನ ಕ್ರಮ

ಕಾಸರಗೋಡು, ಮಂಜೇಶ್ವರ ಕಡೆಯ ಯಕ್ಷಗಾನ ಸಂಘ, ದೇವಸ್ಥಾನ, ವಾಚನಾಲಯಗಳ ಕನ್ನಡ ಜಾಲತಾಣಗಳನ್ನು ನೋಡಿಕೊಳ್ಳುವ ಕೆಲಸ ನನ್ನದು. ಹೆಚ್ಚಿನವು ತಾಣ ಕಟ್ಟುವ ತಂತ್ರಾಂಶವಾದ ವರ್ಡ್‌ಪ್ರೆಸ್‌ನವು. ತಾಣ ಗೂಗಲ್‌ಗೆ ಹೇಗೆ ಕಾಣುತ್ತದೆಂದು ತೋರಿಸುವ ಗೂಗಲ್ ಸರ್ಚ್ ಕನ್ಸೋಲ್‌ನಲ್ಲಿ 404, ಅಂದರೆ 'ಪುಟ ಸಿಗಲಿಲ್ಲ' ಎಂಬ ಸರ್ವರಿನ ಉತ್ತರಗಳ ಸಂಖ್ಯೆ, ಏರಿದ್ದು ಕಂಡರೆ ಸಮಿತಿಯವರಿಗೆ ಗಾಬರಿ. ಗಾಬರಿ ಬೇಡ. ನಿಜಕ್ಕೂ ಇಲ್ಲದ ಪುಟಕ್ಕೆ ಸರ್ವರ್ 'ಇಲ್ಲ' ಎಂದರೆ ಉಳಿದ ಪುಟಗಳಿಗೆ ಯಾವ ತೊಂದರೆಯೂ ಆಗುವುದಿಲ್ಲ. ನಷ್ಟ ಆಗುವುದು, ಬೇರೆಯವರು ಲಿಂಕ್ ಕೊಟ್ಟ, ಜನ ಹುಡುಕಿ ಬರುವ ಪುಟದ ವಿಳಾಸ ಬದಲಾಗಿಬಿಟ್ಟಾಗ.

ಹಾಗಾಗಿ ಮೊದಲು ಬೇರ್ಪಡಿಸುತ್ತೇನೆ. ಕನ್ಸೋಲ್‌ನ ಪುಟಗಳ ವರದಿ ಒಂದು ಕಾರಣಕ್ಕೆ ಹೆಚ್ಚೆಂದರೆ 1000 ವಿಳಾಸ ತೋರಿಸುತ್ತದೆ. ಅದರ ಜೊತೆಗೆ ಸರ್ವರಿನ ಆಕ್ಸೆಸ್ ಲಾಗ್ (ಯಾವ ವಿಳಾಸ ಕೇಳಿದರು, ಏನು ಉತ್ತರ ಹೋಯಿತು ಎಂಬ ದಾಖಲೆ) ಬೇಕೇ ಬೇಕು. ಅಪಾಚೆ ಎಂಬ ಸರ್ವರ್ ತಂತ್ರಾಂಶದ ಸಾಮಾನ್ಯ ಲಾಗಿನಲ್ಲಿ ಖಾಲಿ ಜಾಗದಿಂದ ಸಾಲನ್ನು ಒಡೆದರೆ ಏಳನೆಯದು ವಿಳಾಸ, ಒಂಬತ್ತನೆಯದು ಸ್ಥಿತಿ ಸಂಖ್ಯೆ. 404 ಇರುವ ಸಾಲುಗಳನ್ನು ಆರಿಸಿ, ವಿಳಾಸವಾರು ಎಣಿಸಿ, ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಬೇಕು. ತಾಣದಲ್ಲಿ ಎಂದೂ ಇರದ ಪಿಎಚ್‌ಪಿ ಫೈಲು, ಪಾಸ್‌ವರ್ಡ್ ಫೈಲು ಹುಡುಕುವ ಬಾಟ್‌ಗಳ ಸಾಲುಗಳನ್ನು ಕಣ್ಣುಮುಚ್ಚಿ ಬಿಡಿ. ಉಳಿದದ್ದೇ ನಿಜವಾದ ಕೆಲಸ.

ಕನ್ನಡ ತಾಣಗಳಲ್ಲಿ ಆ ಉಳಿದದ್ದಕ್ಕೆ ಬಹುಪಾಲು ಕಾರಣ ವಿಳಾಸವೇ. ವರ್ಡ್‌ಪ್ರೆಸ್ ಶೀರ್ಷಿಕೆಯಿಂದ ತಾನೇ ಸ್ಲಗ್ (ವಿಳಾಸದ ಕೊನೆಯಲ್ಲಿ ಬರುವ ಪುಟದ ಹೆಸರು) ಮಾಡುತ್ತದೆ, ಅದಕ್ಕೆ 200 ಅಕ್ಷರಗಳ ಮಿತಿ. ಕನ್ನಡದ ಒಂದು ಯೂನಿಕೋಡ್ ಚಿಹ್ನೆಗೆ ಯುಟಿಎಫ್-8ರಲ್ಲಿ 3 ಬೈಟು. ವಿಳಾಸದಲ್ಲಿ ಪ್ರತಿ ಬೈಟೂ ಶೇಕಡಾ ಗುರುತು ಸೇರಿ 3 ಅಕ್ಷರ. ಅಲ್ಲಿಗೆ ಒಂದು ಚಿಹ್ನೆಗೆ 9. ಕಾಗುಣಿತ, ಒತ್ತು ಎಲ್ಲ ಬೇರೆ ಬೇರೆ ಲೆಕ್ಕ. 'ಕಾಸರಗೋಡು' 8 ಚಿಹ್ನೆ, 72. 'ಯಕ್ಷಗಾನ' 7 ಚಿಹ್ನೆ, 63. 'ಕುಂಬಳೆ' 6, ಅಂದರೆ 54. ನಡುವಿನ ಎರಡು ಗೆರೆ ಸೇರಿ 191. 'ಕಾಸರಗೋಡು ಯಕ್ಷಗಾನ ಕುಂಬಳೆ' ಎಂದು ಶುರುವಾಗುವ ಶೀರ್ಷಿಕೆಯಲ್ಲಿ ಮುಂದಿನ ಪ್ರಸಂಗದ ಹೆಸರು, ತಾರೀಕು ಯಾವುದಕ್ಕೂ ಜಾಗವಿಲ್ಲ. ಹತ್ತು ಆಟದ (ಯಕ್ಷಗಾನ ಪ್ರದರ್ಶನದ) ಹತ್ತು ಪುಟವೂ ಒಂದೇ ಸ್ಲಗ್, ತುದಿಗೆ 2, 3, 4. ಯಾರೋ ಒಂದನ್ನು ಅಳಿಸಿದರೆ ಯಾವುದು ಹೋಯಿತೆಂದು ಲಾಗ್ ನೋಡಿ ತಿಳಿಯುವಂತಿಲ್ಲ.

ಕಾಣದ ಅಕ್ಷರ ಇನ್ನೊಂದು ಕಾಟ. 'ರಾಜ್‌ಕುಮಾರ್' ಎಂಬಂತೆ ಅರ್ಧಾಕ್ಷರ ಬಿಡಿಸಲು ಹಾಕುವ ಶೂನ್ಯ ಅಗಲದ ಚಿಹ್ನೆ ಕಣ್ಣಿಗೆ ಬೀಳದು, ಆದರೆ ಅದು ಇರುವ ವಿಳಾಸವೂ ಇಲ್ಲದ ವಿಳಾಸವೂ ಬೇರೆ ಬೇರೆ. ವಾಟ್ಸ್‌ಆ್ಯಪ್‌ನಲ್ಲಿ ಲಿಂಕಿಗೆ ಜಾಗ ಬಿಡದೆ 'ನೋಡಿ' ಎಂದು ಅಂಟಿಸಿದರೆ ಅದೂ ವಿಳಾಸದೊಳಗೆ ಸೇರಿಬಿಡುತ್ತದೆ.

ಇದೆಲ್ಲ ನೋಡಿ ಸ್ಲಗ್ ಇಂಗ್ಲಿಷ್ ಅಕ್ಷರದಲ್ಲೇ ಇಡುತ್ತೇನೆ. ಆದರೆ ನಮ್ಮಲ್ಲಿ ಊರಿನ ಹೆಸರಿಗೆ ಒಂದು ಕಾಗುಣಿತವೆಂದು ಇಲ್ಲ: ಕಾಸರಗೋಡಿಗೆ ನಡುವಿನ 'ಎ' (a) ಕೆಲವರು ಬರೆಯುತ್ತಾರೆ, ಕೆಲವರು ಬಿಡುತ್ತಾರೆ, ಕುಂಬಳೆಯ ತುದಿ ಕನ್ನಡದವರಿಗೆ 'ಇ' (e), ಮಲಯಾಳ ರೂಢಿಯವರಿಗೆ 'ಎ' (a), ಮಂಜೇಶ್ವರದ ಕೊನೆಗೆ ಒಂದು 'ಎಂ' (m) ಬೇರೆ. ಊರಿನ ಹೆಸರುಗಳ ಒಂದು ಪಟ್ಟಿ ಮಾಡಿ, ಒಂದು ರೂಪ ಗೊತ್ತುಮಾಡಿ, ಉಳಿದವನ್ನು 301ರಿಂದ (ವಿಳಾಸ ಶಾಶ್ವತವಾಗಿ ಬದಲಾಗಿದೆ ಎಂಬ ಸರ್ವರಿನ ಉತ್ತರದಿಂದ) ಅದಕ್ಕೆ ತಿರುಗಿಸಬೇಕು.

ತಿರುಗಿಸುವಾಗ ಗುರಿ ಅದೇ ವಿಷಯದ ಪುಟವಾಗಿರಲಿ. ಎಲ್ಲ 404ನ್ನೂ ಮುಖಪುಟಕ್ಕೆ ಕಳಿಸುವ ಪ್ಲಗಿನ್‌ಗಳು ಇವೆ. ನನಗೆ ಅವು ಬೇಡ. ಗೂಗಲ್ ಅಂಥದ್ದನ್ನು ಸಾಫ್ಟ್ 404 (ಸರ್ವರ್ 'ಇಲ್ಲ' ಎನ್ನದಿದ್ದರೂ ನಿಜಕ್ಕೂ ಇಲ್ಲದ ಪುಟ) ಎಂದೇ ಎಣಿಸುತ್ತದೆ, ಹಳೆಯ ಲಿಂಕಿನ ಬೆಲೆ ದಕ್ಕುವುದಿಲ್ಲ, ಆಟದ ವೇಳೆ ನೋಡಲು ಬಂದವರಿಗೂ ದಿಕ್ಕು ತೋಚುವುದಿಲ್ಲ. ಹಳೆಯದರಿಂದ ಕೊನೆಯ ವಿಳಾಸಕ್ಕೆ ಒಂದೇ ಜಿಗಿತ, ಸರಪಳಿ ಬೇಡ. 301 ಕಡಿಮೆ ಎಂದರೂ ಒಂದು ವರ್ಷ ಇರಬೇಕು, ನಾನಂತೂ ತೆಗೆಯುವುದೇ ಇಲ್ಲ. ಹೋದ ಪುಟಕ್ಕೆ ಸರಿಸಾಟಿ ಇಲ್ಲದಿದ್ದರೆ 404 ಇರಲಿ, ಬೇಕೆಂದೇ ತೆಗೆದದ್ದಕ್ಕೆ 410 ('ತೆಗೆದುಹಾಕಲಾಗಿದೆ' ಎಂಬ ಉತ್ತರ). ಗೂಗಲ್‌ನ ಮಟ್ಟಿಗೆ ಎರಡೂ ಹೆಚ್ಚುಕಡಿಮೆ ಒಂದೇ. ಆದರೆ ಆ ವಿಳಾಸಗಳನ್ನು ರೋಬೋಟ್ಸ್ ಫೈಲಿನಲ್ಲಿ (ಬಾಟ್‌ಗಳು ಎಲ್ಲಿಗೆ ಬರಬಾರದು ಎಂದು ಹೇಳುವ ಫೈಲು) ತಡೆಯಬೇಡಿ. ತಡೆದರೆ ಪುಟ ಹೋಗಿದೆಯೆಂಬುದು ಗೂಗಲ್‌ಬಾಟ್‌ಗೆ ಗೊತ್ತೇ ಆಗುವುದಿಲ್ಲ.

ವರ್ಡ್‌ಪ್ರೆಸ್ ತಾನಾಗಿ ಮಾಡುವುದೂ ಒಂದಿಷ್ಟಿದೆ. ಪ್ರಕಟವಾದ ಪೋಸ್ಟ್‌ನ ಸ್ಲಗ್ ಬದಲಿಸಿದರೆ ಹಳೆಯದನ್ನು ನೆನಪಿಟ್ಟು ತಿರುಗಿಸುತ್ತದೆ, ಆದರೆ 'ಪೇಜ್'ಗಳಿಗೆ ಆ ನೆನಪು ಇಲ್ಲ; 'ಸಂಪರ್ಕ', 'ಸೇವಾ ವಿವರ' ಪುಟಗಳು ಕಳೆದುಹೋಗುವುದು ಹೀಗೆಯೇ. ಸಿಗದ ಸ್ಲಗ್‌ಗೆ ಅದೇ ಅಕ್ಷರಗಳಿಂದ ಶುರುವಾಗುವ ಇನ್ನೊಂದನ್ನು ಊಹಿಸಿ ಕಳಿಸುವ ಚಾಳಿಯೂ ಅದಕ್ಕಿದೆ. 'ಮಧೂರು' ಪುಟ ಅಳಿಸಿದ್ದರೆ ಓದುಗ 'ಮಧೂರು-ಹಳೆಯ-ಫೋಟೋ'ಗೆ ಹೋಗಿ ಬೀಳಬಹುದು. 5.5ನೇ ಆವೃತ್ತಿಯಿಂದ ಈ ಊಹೆಯನ್ನು ನಿಲ್ಲಿಸಲು ಫಿಲ್ಟರ್ (ಕೋಡ್‌ನಿಂದ ಬದಲಿಸುವ ಅವಕಾಶ) ಇದೆ.

ಸ್ವಂತ 404 ಪುಟ ಮಾಡುವಾಗ ಅಪಾಚೆಯ 'ಎರರ್‌ಡಾಕ್ಯುಮೆಂಟ್' ಸಾಲಿನಲ್ಲಿ ಓರೆಗೆರೆಯಿಂದ ಶುರುವಾಗುವ ಒಳವಿಳಾಸವನ್ನೇ ಕೊಡಿ. ಎಚ್‌ಟಿಟಿಪಿ ಸೇರಿದ ಪೂರ್ತಿ ವಿಳಾಸ ಕೊಟ್ಟರೆ ಸರ್ವರ್ ಓದುಗನನ್ನು ಬೇರೆ ಪುಟಕ್ಕೆ ಅಟ್ಟುತ್ತದೆ, ಕೊನೆಗೆ ಸಿಗುವುದು 200, ಅಂದರೆ 'ಪುಟ ಇದೆ' ಎಂಬ ಉತ್ತರ. ಇಲ್ಲದ ವಿಳಾಸವೊಂದನ್ನು ಹೊಡೆದು, ಬ್ರೌಸರಿನ ಡೆವಲಪರ್ ಟೂಲ್ಸ್‌ನ ನೆಟ್‌ವರ್ಕ್ ಪಟ್ಟಿಯಲ್ಲಿ ಮೊದಲ ಸಾಲಿಗೆ 404 ಬಂತೇ ಎಂದು ನೋಡಿ.

ಪತ್ತನಾಜೆ (ಯಕ್ಷಗಾನ ಮೇಳಗಳ ವರ್ಷದ ತಿರುಗಾಟ ಮುಗಿಯುವ ದಿನ) ಕಳೆದ ಮೇಲೆ ಆ ವರ್ಷದ ಆಟಗಳ ಪುಟ ಅಳಿಸುವ ಅಭ್ಯಾಸ ಬಿಡಿಸುವುದೇ ಕಷ್ಟ. ಇಸವಿಯಿಲ್ಲದ ಒಂದೇ ವಿಳಾಸ ಇಟ್ಟು, ಒಳಗಿನ ಪಟ್ಟಿ ಮಾತ್ರ ಪ್ರತಿ ತಿರುಗಾಟಕ್ಕೆ ಹೊಸದು ಮಾಡಿದರೆ ಸಾಕು. ಆಮಂತ್ರಣದ ಪಿಡಿಎಫ್‌ಗೂ ಇದೇ ಮಾತು.

ಕೊನೆಗೆ, ಗೂಗಲ್‌ಗೆ ಕೊಡುವ ವಿಳಾಸಗಳ ಪಟ್ಟಿಯಾದ ಸೈಟ್‌ಮ್ಯಾಪ್‌ನಿಂದ ಸತ್ತ ವಿಳಾಸ ತೆಗೆದು, ಒಳಗಿನ ಲಿಂಕ್‌ಗಳನ್ನು ನೇರ ಹೊಸ ವಿಳಾಸಕ್ಕೆ ತಿದ್ದುತ್ತೇನೆ. ಕನ್ಸೋಲ್‌ನ 'ವ್ಯಾಲಿಡೇಟ್ ಫಿಕ್ಸ್' ಒತ್ತಿದರೆ, ಬೇಕೆಂದೇ 404 ಆಗಿ ಬಿಟ್ಟವೂ ಅದರಲ್ಲಿ ಇರುವುದರಿಂದ ಪರಿಶೀಲನೆ 'ವಿಫಲ' ಎಂದು ಬರುತ್ತದೆ. ಸಮಿತಿಯವರಿಗೆ ಅದನ್ನು ಮೊದಲೇ ಹೇಳಿಟ್ಟಿರಿ.