ಒಂದೇ ಗುಂಪು, ಎರಡು ದಿಕ್ಕು: ಆವರ್ತ ಕೋಷ್ಟಕವನ್ನು ಪ್ರನಾಳಗಳಲ್ಲಿ ಕಲಿಸಿದ ನನ್ನ ಅನುಭವ

ಆವರ್ತ ಕೋಷ್ಟಕದ ಒಂದು ಗುಂಪಿನ, ಅಂದರೆ ಒಂದೇ ಕಂಬಸಾಲಿನ ಧಾತುಗಳೆಲ್ಲ ಒಂದೇ ಬಗೆಯ ರಾಸಾಯನಿಕ ಗುಣಗಳನ್ನು ತೋರಿಸುತ್ತವೆ ಎಂಬ ವಾಕ್ಯವನ್ನು ಪ್ರೌಢಶಾಲೆಯ ಮಕ್ಕಳು ಸಲೀಸಾಗಿ ಬಾಯಿಪಾಠ ಮಾಡಿಕೊಳ್ಳುತ್ತಾರೆ. ಗುಂಪಿನಲ್ಲಿ ಮೇಲಿನಿಂದ ಕೆಳಕ್ಕೆ ಇಳಿಯುತ್ತಾ ಹೋದಂತೆ ಆ ಗುಣ ಯಾವ ದಿಕ್ಕಿಗೆ ಬದಲಾಗುತ್ತದೆ, ಎಲ್ಲಿ ಕ್ರಮ ತಪ್ಪುತ್ತದೆ ಎಂದು ಕೇಳಿದರೆ ಮಾತ್ರ ತರಗತಿ ಸುಮ್ಮನಾಗುತ್ತದೆ. ಪಾವಗಡ ಸೀಮೆಯ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸುವ ನಾನು ಈ ಕಾರಣದಿಂದಲೇ ಗೋಡೆಯ ಮೇಲಿನ ಪಟವನ್ನು ಬದಿಗಿಟ್ಟು, ಪಾಠವನ್ನು ಪ್ರನಾಳಗಳಿಂದ ಆರಂಭಿಸುವ ಪದ್ಧತಿಯನ್ನು ರೂಢಿಸಿಕೊಂಡೆ.

ಮೊದಲನೆಯ ಗುಂಪನ್ನು ನಾನು ಅಂಕಿಗಳಲ್ಲೇ ಮುಗಿಸುತ್ತೇನೆ. ಸೋಡಿಯಂ ತುಂಡನ್ನು ನೀರಿಗೆ ಎಸೆದು ತೋರಿಸುವುದು ರೋಚಕವೇನೋ ಹೌದು, ಆದರೆ ಮಕ್ಕಳ ನೆನಪಿನಲ್ಲಿ ಉಳಿಯುವುದು ಸದ್ದು ಮತ್ತು ಬೆಂಕಿ ಮಾತ್ರವೆಂಬುದು ನನ್ನ ಅಭಿಪ್ರಾಯ. ಅಪಾಯದ ಮಾತು ಬೇರೆ. ಅದರ ಬದಲು ದ್ರವನ ಬಿಂದುಗಳ ನಕ್ಷೆಯನ್ನು ಬರೆಸುತ್ತೇನೆ. ಲಿಥಿಯಂ 180 ಡಿಗ್ರಿ ಸೆಲ್ಸಿಯಸ್, ಸೋಡಿಯಂ 98, ಪೊಟ್ಯಾಸಿಯಂ 63, ಸೀಸಿಯಂ 28 ಎಂದು ಗೆರೆ ಚೆನ್ನಾಗಿ ಇಳಿಯುತ್ತದೆ. ನಂತರ ಸಾಂದ್ರತೆಯ ನಕ್ಷೆಗೆ ಬಂದಾಗ ಸೋಡಿಯಂ 0.97 ಇರುವಲ್ಲಿ ಅದರ ಕೆಳಗಿನ ಪೊಟ್ಯಾಸಿಯಂ 0.86ಕ್ಕೆ ಇಳಿದು ಏರುಗೆರೆಯನ್ನು ಮುರಿಯುತ್ತದೆ. ಪರಮಾಣು ರಾಶಿಯನ್ನು ಸಾಂದ್ರತೆಯಿಂದ ಭಾಗಿಸಿ ನೋಡಿ ಎಂದರೆ ಕಾರಣ ಅವರಿಗೇ ಸಿಗುತ್ತದೆ: ಒಂದು ಮೋಲ್‌ನ (ನಿಗದಿತ ಸಂಖ್ಯೆಯ ಪರಮಾಣುಗಳ) ಗಾತ್ರ 23.7 ಘನ ಸೆಂಟಿಮೀಟರ್‌ನಿಂದ 45.5ಕ್ಕೆ ಹಾರಿದೆ, ರಾಶಿ ಅಷ್ಟು ಪಾಲು ಹೆಚ್ಚಿಲ್ಲ.

ನನ್ನ ಸಮಯದ ಬಹುಪಾಲು ಹೋಗುವುದು ಎರಡನೆಯ ಗುಂಪಿಗೆ. ಮರಳು ಕಾಗದದಿಂದ ಉಜ್ಜಿದ ಮೆಗ್ನೀಸಿಯಂ ಪಟ್ಟಿಯನ್ನು ಫಿನಾಲ್ಫ್ಥಲೀನ್ (ಕ್ಷಾರದಲ್ಲಿ ಗುಲಾಬಿಯಾಗುವ ಸೂಚಕ) ಬೆರೆಸಿದ ತಣ್ಣೀರಿಗೆ ಹಾಕಿದರೆ ಮೊದಲು ಏನೂ ಕಾಣುವುದಿಲ್ಲ. ತಾಳ್ಮೆಯಿಂದ ಕಾದರೆ ಪಟ್ಟಿಯ ಅಂಚಿನಲ್ಲಿ ತೆಳು ಗುಲಾಬಿ ಬಣ್ಣ ಮೂಡುತ್ತದೆ, ನೀರನ್ನು ಬಿಸಿ ಮಾಡಿದರೆ ಅದು ಗಾಢವಾಗುತ್ತದೆ. ಕ್ಯಾಲ್ಸಿಯಂ ಚೂರು ತಣ್ಣೀರಿನಲ್ಲೇ ಜೋರಾಗಿ ವರ್ತಿಸುತ್ತದೆ. ಮೈಗೆ ಅಂಟಿದ ಹೈಡ್ರೋಜನ್ ಗುಳ್ಳೆಗಳು ಅದನ್ನು ಮೇಲಕ್ಕೆತ್ತುತ್ತವೆ, ನೀರು ಗುಲಾಬಿಯಾಗುವುದರ ಜೊತೆಗೆ ಸುಣ್ಣ ಕಲಸಿದ ನೀರಿನಂತೆ ಕದಡುತ್ತದೆ. ಕೆಳಗಿಳಿದಂತೆ ಹೊರಕವಚದ ಇಲೆಕ್ಟ್ರಾನುಗಳು ಬೀಜಕೇಂದ್ರದಿಂದ ದೂರವಾಗುವುದರಿಂದ ಅವನ್ನು ಬಿಟ್ಟುಕೊಡುವುದು ಸುಲಭವಾಗುತ್ತದೆ ಎಂಬ ವಿವರಣೆ ಈ ದೃಶ್ಯದ ನಂತರವೇ ಬರಬೇಕು.

ಮುಂದಿನ ಪ್ರಯೋಗದಲ್ಲಿ ಇದೇ ಗುಂಪಿನಲ್ಲಿ ಮೇಲಿನಿಂದ ಕೆಳಕ್ಕೆ ಬರುವ ಮೆಗ್ನೀಸಿಯಂ, ಕ್ಯಾಲ್ಸಿಯಂ, ಬೇರಿಯಂಗಳ ಕ್ಲೋರೈಡುಗಳ 0.1 ಮೋಲಾರ್ ದ್ರಾವಣಗಳನ್ನು ಎರಡು ಸಾಲು ಪ್ರನಾಳಗಳಲ್ಲಿ ಇಡುತ್ತೇನೆ. ಬೇರಿಯಂ ಲವಣ ವಿಷಕಾರಿಯಾದ್ದರಿಂದ ಅದನ್ನು ಮುಟ್ಟುವುದು ನಾನೊಬ್ಬನೇ. ಒಂದು ಸಾಲಿಗೆ ಅದೇ ಪ್ರಬಲತೆಯ ಸೋಡಿಯಂ ಸಲ್ಫೇಟ್ ಬೆರೆಸಿದಾಗ ಮೆಗ್ನೀಸಿಯಂ ತಿಳಿಯಾಗಿಯೇ ಉಳಿಯುತ್ತದೆ, ಕ್ಯಾಲ್ಸಿಯಂ ಸಾವಕಾಶವಾಗಿ ಮಸುಕಾಗುತ್ತದೆ, ಬೇರಿಯಂ ಆ ಕ್ಷಣವೇ ಹಾಲಿನಂತೆ ಬೆಳ್ಳಗಾಗುತ್ತದೆ. ಇನ್ನೊಂದು ಸಾಲಿಗೆ ಸೋಡಿಯಂ ಹೈಡ್ರಾಕ್ಸೈಡ್ ಬೆರೆಸಿದರೆ ಕ್ರಮ ಪೂರ್ತಿ ತಿರುಗುಮುರುಗು: ಮೆಗ್ನೀಸಿಯಂನಲ್ಲಿ ದಟ್ಟ ಪ್ರಕ್ಷೇಪ (ಕರಗದೆ ಬೇರ್ಪಡುವ ಪುಡಿ), ಕ್ಯಾಲ್ಸಿಯಂನಲ್ಲಿ ಅಲ್ಪ, ಬೇರಿಯಂನಲ್ಲಿ ಏನೂ ಇಲ್ಲ. ಇಲ್ಲೊಂದು ಎಚ್ಚರಿಕೆ ಅಗತ್ಯ. ಹೈಡ್ರಾಕ್ಸೈಡ್ ದ್ರಾವಣ ಹಳೆಯದಾಗಿದ್ದರೆ ಅದು ಗಾಳಿಯ ಕಾರ್ಬನ್ ಡೈಆಕ್ಸೈಡನ್ನು ಹೀರಿ ಕಾರ್ಬೋನೇಟ್ ಕಟ್ಟಿಕೊಂಡಿರುತ್ತದೆ, ಆಗ ಬೇರಿಯಂ ಕೂಡ ಕದಡಿ ಪ್ರಯೋಗದ ಅರ್ಥವೇ ಕೆಡುತ್ತದೆ. ಆದ್ದರಿಂದ ಆ ದಿನವೇ ಕರಗಿಸಿದ ದ್ರಾವಣ ಬೇಕು.

ಒಂದೇ ಗುಂಪು ಎರಡು ದಿಕ್ಕುಗಳಲ್ಲಿ ಏಕೆ ಸಾಗಿತು ಎಂಬುದೇ ನಾನು ಮಕ್ಕಳ ಮುಂದಿಡುವ ಮುಖ್ಯ ಪ್ರಶ್ನೆ. ಚಿಕ್ಕ ಮೆಗ್ನೀಸಿಯಂ ಅಯಾನು (ವಿದ್ಯುದಾವೇಶವುಳ್ಳ ಕಣ) ಚಿಕ್ಕ ಹೈಡ್ರಾಕ್ಸೈಡಿನೊಡನೆಯೂ ದೊಡ್ಡ ಬೇರಿಯಂ ಅಯಾನು ದೊಡ್ಡ ಸಲ್ಫೇಟಿನೊಡನೆಯೂ ಹೊಂದಿಕೊಂಡು ನೀರಿನಿಂದ ಬೇರ್ಪಡುತ್ತವೆ, ಗಾತ್ರ ಹೊಂದದ ಜೋಡಿಗಳು ಕರಗಿಯೇ ಇರುತ್ತವೆ ಎಂದು ಹತ್ತನೆಯ ತರಗತಿಯ ಮಟ್ಟಕ್ಕೆ ಹೇಳಬಹುದು. ವಿಷಕಾರಿ ಬೇರಿಯಂನ ಸಲ್ಫೇಟನ್ನು ಜಠರದ ಎಕ್ಸ್‌-ರೇ ತೆಗೆಯುವ ಮುನ್ನ ರೋಗಿಗೆ ಕುಡಿಸಲು ಸಾಧ್ಯವಾಗಿರುವುದು ಅದು ಕರಗದೆ ಇರುವುದರಿಂದಲೇ ಎಂದಾಗ ಮಕ್ಕಳು ಪ್ರನಾಳವನ್ನು ಮತ್ತೊಮ್ಮೆ ನೋಡುತ್ತಾರೆ.

ಫ್ಲೋರಿನ್, ಕ್ಲೋರಿನ್, ಬ್ರೋಮಿನ್, ಅಯೋಡಿನ್‌ಗಳ ಹದಿನೇಳನೆಯ ಗುಂಪಿನಲ್ಲಿ ಪಟುತ್ವ, ಅಂದರೆ ರಾಸಾಯನಿಕವಾಗಿ ವರ್ತಿಸುವ ಚುರುಕು, ಕೆಳಕ್ಕೆ ಹೋದಂತೆ ಕಡಿಮೆಯಾಗುತ್ತದೆ. ಬ್ಲೀಚಿಂಗ್ ಪುಡಿಯ ಸೋಸಿದ ತಿಳಿಗೆ ಸಾರರಿಕ್ತ ಹೈಡ್ರೋಕ್ಲೋರಿಕ್ ಆಮ್ಲವನ್ನು ಕಿಟಕಿಯ ಬಳಿ, ಅತಿ ಕಡಿಮೆ ಪ್ರಮಾಣದಲ್ಲಿ ಬೆರೆಸಿ ಕ್ಲೋರಿನ್ ನೀರು ಮಾಡಿಕೊಳ್ಳುತ್ತೇನೆ. ಅದು ಪೊಟ್ಯಾಸಿಯಂ ಬ್ರೋಮೈಡನ್ನು ಹಳದಿ ಕಿತ್ತಳೆಗೂ ಅಯೋಡೈಡನ್ನು ಕಂದು ಬಣ್ಣಕ್ಕೂ ತಿರುಗಿಸುತ್ತದೆ, ಆದರೆ ಅಯೋಡಿನ್ ದ್ರಾವಣವನ್ನು ಬ್ರೋಮೈಡಿಗೆ ಸುರಿದರೆ ಸ್ಥಾನಪಲ್ಲಟವೇ ನಡೆಯುವುದಿಲ್ಲ. ಕ್ಲೋರಿನ್ ನೀರನ್ನು ಹನಿ ಹನಿಯಾಗಿ ಹಾಕಬೇಕು, ಏಕೆಂದರೆ ಹೆಚ್ಚಾದರೆ ಅಯೋಡಿನ್ ಅಯೋಡೇಟ್ ಆಗಿ ಬಣ್ಣವೇ ಮಾಯವಾಗುತ್ತದೆ.

ಫ್ಲೋರಿನ್ ಅನಿಲವನ್ನು ಶಾಲೆಯಲ್ಲಿ ತೋರಿಸುವ ಮಾತೇ ಇಲ್ಲ, ಆದರೆ ಫ್ಲೋರೈಡ್ ನಮ್ಮ ಸೀಮೆಯ ಮಕ್ಕಳಿಗೆ ಹೊಸ ಹೆಸರಲ್ಲ. ಊರಿನ ಶುದ್ಧ ಕುಡಿಯುವ ನೀರಿನ ಘಟಕ ಬಂದದ್ದೇ ಅದಕ್ಕಾಗಿ. ಕ್ಯಾಲ್ಸಿಯಂ ಕ್ಲೋರೈಡ್ ದ್ರಾವಣಕ್ಕೆ ಕ್ಲೋರೈಡ್, ಬ್ರೋಮೈಡ್, ಅಯೋಡೈಡ್ ಬೆರೆಸಿದರೆ ಪ್ರನಾಳ ತಿಳಿಯಾಗಿರುತ್ತದೆ, ಸೋಡಿಯಂ ಫ್ಲೋರೈಡ್ ಬೆರೆಸಿದರೆ ಮಾತ್ರ ಬಿಳಿಯಾಗಿ ಕದಡುತ್ತದೆ. ಚಿಕ್ಕ ಅಯಾನುಗಳ ಅದೇ ಹೊಂದಾಣಿಕೆ ಇಲ್ಲಿಯೂ ಕೆಲಸ ಮಾಡುತ್ತದೆ. ಗ್ರಾನೈಟ್ ಶಿಲೆಯ ಆಳದ ಕೊಳವೆಬಾವಿಗಳಲ್ಲಿ ಸೋಡಿಯಂ ಬೈಕಾರ್ಬೋನೇಟ್ ಹೆಚ್ಚಾಗಿ ಕ್ಯಾಲ್ಸಿಯಂ ಕಡಿಮೆಯಾದ ನೀರಿನಲ್ಲಿ ಫ್ಲೋರೈಡನ್ನು ಹಿಡಿದು ಕೂರಿಸುವವರಿಲ್ಲದೆ ಅದು ಕುಡಿಯುವ ನೀರಿಗಿರುವ ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ದಾಟುವುದು ಹೇಗೆಂದು ಮಕ್ಕಳೇ ಊಹಿಸುತ್ತಾರೆ. ಸಿಲ್ವರ್ ನೈಟ್ರೇಟಿನ ಕೆಲವು ಹನಿಗಳಲ್ಲಿ ಇದೇ ಸಾಲು ಮತ್ತೆ ತಿರುಗುತ್ತದೆ: ಕ್ಲೋರೈಡ್ ಬಿಳಿ, ಬ್ರೋಮೈಡ್ ಕೆನೆಬಣ್ಣ, ಅಯೋಡೈಡ್ ಹಳದಿ, ಫ್ಲೋರೈಡ್ ತಿಳಿ. ಬೆಳ್ಳಿ ಹನ್ನೊಂದನೆಯ ಗುಂಪಿನದು. ಅದರ ಬಂಧದಲ್ಲಿ ಸಹವೇಲೆನ್ಸಿಯ (ಇಲೆಕ್ಟ್ರಾನುಗಳನ್ನು ಹಂಚಿಕೊಳ್ಳುವ ಬಗೆಯ) ಪಾಲು ಹೆಚ್ಚಿರುವುದರಿಂದ ಬರಿಯ ಗಾತ್ರದ ಲೆಕ್ಕ ಅಲ್ಲಿ ಸಾಲದು.

ಪ್ರಯೋಗ ಮುಗಿದ ಮೇಲೆ ಬೇರಿಯಂ ಪ್ರನಾಳಗಳನ್ನು ಹಾಗೆಯೇ ಚೆಲ್ಲುವಂತಿಲ್ಲ. ಎಲ್ಲವನ್ನೂ ಒಂದು ಬೀಕರಿಗೆ ಸುರಿದು, ಹೊಸ ಪ್ರಕ್ಷೇಪ ಬರುವುದು ನಿಲ್ಲುವವರೆಗೆ ಸೋಡಿಯಂ ಸಲ್ಫೇಟ್ ಹಾಕಿ, ಸೋಸಿದ ಬಿಳಿ ಪುಡಿಯನ್ನು ಪ್ರತ್ಯೇಕ ಬಾಟಲಿಯಲ್ಲಿ ಹೆಸರು ಬರೆದು ಇಡುತ್ತೇನೆ. ಬೆಳ್ಳಿಯ ಪ್ರಕ್ಷೇಪಗಳಿಗೆ ಕಂದು ಬಾಟಲಿ ಬೇರೆಯೇ ಇದೆ.