ಮನೆಮಂದಿಯೆಲ್ಲ ಶಿರಸಿಗೆ ಹೊರಡುವ ಮುನ್ನ: ಮೊದಲು ತಿಂಗಳು ನೋಡಿ, ಆಮೇಲೆ ಜಾಗ

"ಮೇ ತಿಂಗಳಲ್ಲಿ ಮಕ್ಕಳಿಗೆ ರಜೆ. ಜೋಗ, ಉಂಚಳ್ಳಿ, ಯಾಣ, ಸಹಸ್ರಲಿಂಗ, ಬನವಾಸಿ ಎಲ್ಲ ಎರಡು ದಿನದಲ್ಲಿ ನೋಡ್ಕೊಂಡು ಬರೋಣ ಅಂತಿದ್ದೇವೆ." ಬೆಂಗಳೂರು, ಹುಬ್ಬಳ್ಳಿ ಕಡೆಯ ನೆಂಟರು ಫೋನ್ ಮಾಡಿ ಹೀಗೆ ಹೇಳುವುದು ಶಿರಸಿಯವರಿಗೆ ಹೊಸದಲ್ಲ. ಬರುವವರನ್ನು ಬೇಡ ಎನ್ನುವ ಪದ್ಧತಿ ನಮ್ಮಲ್ಲಿಲ್ಲ. ಆದರೆ ಮೇ ತಿಂಗಳಲ್ಲಿ ಉಂಚಳ್ಳಿ ಜಲಪಾತಕ್ಕೆ ಹೋದರೆ ಕಾಣುವುದು ಬಂಡೆಯೇ ಜಾಸ್ತಿ. ಎರಡು ದಿನದಲ್ಲಿ ಐದು ಜಾಗ ಸುತ್ತಿದರೆ ಮಕ್ಕಳು ಹಿಂದಿನ ಸೀಟಿನಲ್ಲಿ ವಾಂತಿ ಮಾಡಿಕೊಂಡು ಮಲಗುತ್ತಾರೆ, ಅಜ್ಜ ಅಜ್ಜಿ ಕಾರಿನಿಂದ ಇಳಿಯುವುದನ್ನೇ ಬಿಡುತ್ತಾರೆ. ಸ್ವಲ್ಪ ಲೆಕ್ಕ ಹಾಕಿ ಬಂದರೆ ಇದೇ ಊರು ಎಲ್ಲರಿಗೂ ಖುಷಿ ಕೊಡುತ್ತದೆ. ಲೆಕ್ಕ ಹಾಕುವುದು ಹೇಗೆ, ನೋಡೋಣ.

ಮೊದಲ ಹೆಜ್ಜೆ: ನೀರು ಎಲ್ಲಿದೆ ಎಂದು ನೋಡಿ

ಶಿರಸಿ ಸುತ್ತಲಿನ ಜಾಗಗಳಿಗೆ ಒಂದೊಂದಕ್ಕೆ ಒಂದೊಂದು ಕಾಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಗಾಲ. ಜಲಪಾತಗಳಿಗೆ ಆಗ ಜೀವ. ಆದರೆ ಅದೇ ಮಳೆಗೆ ಶಾಲ್ಮಲೆ ಹೊಳೆ ಉಕ್ಕಿದರೆ, ಅದರ ಬಂಡೆಗಳ ಮೇಲೆ ಕೆತ್ತಿದ ಸಹಸ್ರಲಿಂಗದ ಲಿಂಗಗಳೆಲ್ಲ ನೀರಿನಡಿ. ಜುಲೈಯಲ್ಲಿ ಬಂದು ಎರಡನ್ನೂ ಕೇಳಿದರೆ ಸಿಗುವುದಿಲ್ಲ. ಜೋರು ಮಳೆಯ ದಿನಗಳಲ್ಲಿ ಜಲಪಾತವೂ ಮಂಜಿನಲ್ಲಿ ಮುಚ್ಚಿಹೋಗಿ ಬರೀ ಸದ್ದು ಕೇಳಿ ವಾಪಸಾಗಬೇಕಾದೀತು. ಮಂಜು ಸರಿಯುವ ತನಕ ಕಾಯುವ ತಾಳ್ಮೆ ಇದ್ದವರಿಗೆ ಮಾತ್ರ ಮಳೆಗಾಲ.

ಶಾಲೆಗೆ ಹೋಗುವ ಮಕ್ಕಳಿರುವ ಮನೆಗೆ ದಸರಾ ರಜೆಯೇ ಒಳ್ಳೆಯದು. ಮಳೆ ಹಿಂದೆ ಸರಿದಿರುತ್ತದೆ, ಜಲಪಾತದಲ್ಲಿ ಇನ್ನೂ ನೀರಿರುತ್ತದೆ, ಗದ್ದೆ ಹಸಿರಾಗಿರುತ್ತದೆ. ಸಹಸ್ರಲಿಂಗ ಆ ವರ್ಷದ ಮಳೆ ನೋಡಿಕೊಂಡು. ನವೆಂಬರ್‌ನಿಂದ ಫೆಬ್ರವರಿವರೆಗೆ ಬೆಳಿಗ್ಗೆ ಒಳ್ಳೆ ಚಳಿ. ಆಗ ಸಹಸ್ರಲಿಂಗ, ಬನವಾಸಿ, ಯಾಣ ಮೂರೂ ಚೆನ್ನ. ಅಡಿಕೆ ಕೊಯ್ಲೂ ಆಗಲೇ. ಜನವರಿ ಕಳೆದರೆ ಆಲೆಮನೆ ಶುರು. ಕಬ್ಬಿನ ಹಾಲು, ಬಿಸಿ ಬೆಲ್ಲ ಅಲ್ಲೇ ಸಿಗುತ್ತದೆ.

ರಜೆ ಇರುವುದೇ ಏಪ್ರಿಲ್-ಮೇಯಲ್ಲಿ ಎಂದಾದರೆ ಬರಬೇಡಿ ಎನ್ನುವುದಿಲ್ಲ. ಪಟ್ಟಿಯಿಂದ ಜಲಪಾತಗಳನ್ನು ಕೈಬಿಡಿ, ಅಷ್ಟೇ. ಜೋಗದ ಮೇಲ್ಗಡೆ ಲಿಂಗನಮಕ್ಕಿ ಅಣೆಕಟ್ಟು ಇದೆ. ನೀರು ಅಲ್ಲೇ ನಿಲ್ಲುತ್ತದೆ, ಬೇಸಿಗೆಯಲ್ಲಿ ಕೆಳಗೆ ಬೀಳುವುದು ಸಣ್ಣ ಎಳೆ. ಉಂಚಳ್ಳಿಯ ಅಘನಾಶಿನಿಗೆ ಅಣೆಕಟ್ಟಿಲ್ಲ, ಆದರೂ ಮಳೆ ನಿಂತು ಐದಾರು ತಿಂಗಳಾದ ಮೇಲೆ ಹೊಳೆಯಾದರೂ ಎಲ್ಲಿಂದ ನೀರು ತಂದೀತು? ಬೇಸಿಗೆಗೆ ದೇವಸ್ಥಾನಗಳು, ಬೆಳಗಿನ ಯಾಣ, ಹಲಸು, ಮಾವು. ಇಷ್ಟು ಸಾಕು.

ಇನ್ನೊಂದು ಮಾತು. ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ, ಫೆಬ್ರವರಿ-ಮಾರ್ಚ್ ಹೊತ್ತಿಗೆ ಒಂಬತ್ತು ದಿನ ನಡೆಯುತ್ತದೆ. ದೇವಿ ಬಿಡ್ಕಿಬೈಲಿನ ಗದ್ದುಗೆಗೆ ಬಂದು ಕೂತ ಮೇಲೆ ಊರಿನಲ್ಲಿ ಕಾಲಿಡಲು ಜಾಗ ಇರುವುದಿಲ್ಲ, ಲಾಡ್ಜುಗಳಲ್ಲಿ ಕೋಣೆ ಸಿಗುವುದಿಲ್ಲ. ಬಂದರೆ ಜಾತ್ರೆಗೆಂದೇ ಬನ್ನಿ. ಇಲ್ಲವಾದರೆ ಆ ವಾರ ಬಿಟ್ಟುಬಿಡಿ. ಜಾತ್ರೆ ಇಲ್ಲದ ವರ್ಷ ಹೋಳಿ ಹಬ್ಬಕ್ಕೆ ಬೇಡರ ವೇಷ ಇರುತ್ತದೆ. ನವಿಲುಗರಿ ಕಟ್ಟಿಕೊಂಡು, ಕೈಯಲ್ಲಿ ಕತ್ತಿ ಹಿಡಿದು ರಾತ್ರಿಯಿಡೀ ಬೀದಿಯಲ್ಲಿ ಕುಣಿಯುತ್ತಾರೆ. ದೊಡ್ಡ ಮಕ್ಕಳು ಮರೆಯುವುದಿಲ್ಲ, ಸಣ್ಣವರು ಹೆದರಿಕೊಳ್ಳಬಹುದು.

ಎರಡನೆಯದು: ಬರುವ ದಾರಿ

ಶಿರಸಿಗೆ ರೈಲಿಲ್ಲ. ಬೆಂಗಳೂರಿನಿಂದ ರಸ್ತೆಯಲ್ಲಿ ಸುಮಾರು 400 ಕಿ.ಮೀ. ರಾತ್ರಿ ಬಸ್ಸುಗಳಿವೆ. ವಯಸ್ಸಾದವರಿದ್ದರೆ ನನ್ನ ಸಲಹೆ ತಾಳಗುಪ್ಪದ ರೈಲು. ಮಲಗಿಕೊಂಡು ಬರಬಹುದು, ಬೆಳಿಗ್ಗೆ ಇಳಿದರೆ ಜೋಗ ಹತ್ತಿರ. ಅಲ್ಲಿಂದಲೇ ಗಾಡಿ ಹೇಳಿಟ್ಟುಕೊಂಡರೆ ಜೋಗ ನೋಡಿ, ಸಿದ್ದಾಪುರದ ಮೇಲೆ ಮಧ್ಯಾಹ್ನ ಊಟದ ಹೊತ್ತಿಗೆ ಶಿರಸಿ ಮುಟ್ಟಬಹುದು. ಶಿರಸಿಯಲ್ಲಿ ಉಳಿದು ಜೋಗಕ್ಕೆಂದೇ ಹೋಗಿ ಬಂದರೆ ಬರೀ ಓಡಾಟ ನೂರು ಕಿಲೋಮೀಟರ್ ದಾಟುತ್ತದೆ. ಹುಬ್ಬಳ್ಳಿ ರೈಲು ಹಿಡಿದವರು ಹಾವೇರಿಯಲ್ಲಿ ಇಳಿದು ಬಸ್ಸು ಹಿಡಿಯಬಹುದು. ಕರಾವಳಿಯಿಂದ ಬರುವವರಿಗೆ ಕುಮಟಾ ಸ್ಟೇಷನ್, ಅಲ್ಲಿಂದ ದೇವಿಮನೆ ಘಟ್ಟ.

ಘಟ್ಟದ ವಿಷಯದಲ್ಲಿ ಮಾತ್ರ ಮಳೆಗಾಲದಲ್ಲಿ ಧೈರ್ಯ ತೋರಿಸಬೇಡಿ. 2024ರ ಜುಲೈಯಲ್ಲಿ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೇ ಗುಡ್ಡ ಕುಸಿದು ಜನ ಸತ್ತದ್ದು ಜಿಲ್ಲೆಯವರು ಇನ್ನೂ ಮರೆತಿಲ್ಲ. ಶಿರಸಿ-ಕುಮಟಾ ರಸ್ತೆಯೂ ಅಗಲ ಮಾಡುವ ಕೆಲಸಕ್ಕೆಂದು, ಮಳೆಗೆಂದು ಬಂದ್ ಆಗಿದ್ದುಂಟು. ಹೊರಡುವ ದಿನ ಬೆಳಿಗ್ಗೆ, ಉಳಿಯುವ ಮನೆಯವರಿಗೆ ಒಂದು ಫೋನ್ ಮಾಡಿ ದಾರಿ ಹೇಗಿದೆ ಕೇಳಿ. ಗೂಗಲ್ ಮ್ಯಾಪ್‌ಗಿಂತ ಅವರ ಮಾತು ಗಟ್ಟಿ.

ಮೂರನೆಯದು: ಎಲ್ಲಿ ಉಳಿಯುವುದು

ಪೇಟೆಯಲ್ಲಿ ಲಾಡ್ಜುಗಳಿವೆ. ಒಂದು ರಾತ್ರಿಗೆ ಸರಿ. ಎರಡು ಮೂರು ದಿನ ಇರುವವರು ಹಳ್ಳಿಯ ಹೋಂಸ್ಟೇಯನ್ನೇ ನೋಡಿ. ತೋಟದ ಮನೆಗಳು ಇವು, ಮನೆಯವರೂ ಅಲ್ಲೇ ಇರುತ್ತಾರೆ. ಬುಕ್ ಮಾಡುವ ಮುಂಚೆ ಕೆಲವು ಪ್ರಶ್ನೆ ಕೇಳಲೇಬೇಕು. ಕೊನೆಯ ಒಂದು ಕಿಲೋಮೀಟರಿನಲ್ಲಿ ತಗ್ಗಿನ ಕಾರು ಹೋಗುತ್ತದೆಯೇ? ಕೋಣೆಗೆ ಮೆಟ್ಟಿಲು ಹತ್ತಬೇಕೇ? ಕಮೋಡ್ ಇದೆಯೇ? ತಲೆಗೆ ಇಷ್ಟು ಎಂದು ಹೇಳಿದ ದುಡ್ಡಿನಲ್ಲಿ ಎಷ್ಟು ಹೊತ್ತಿನ ಊಟ ಸೇರಿದೆ? ಕರೆಂಟು ಹೋದರೆ ಏನು ವ್ಯವಸ್ಥೆ? ಮಳೆಗಾಲದಲ್ಲಿ ಕರೆಂಟು ಹೋಗಿಯೇ ಹೋಗುತ್ತದೆ. ಬಿಸಿನೀರಿಗೆ ಚಿಂತೆ ಬೇಡ, ಬಚ್ಚಲಿನ ಹಂಡೆಗೆ ಬೆಳಗಿನ ಜಾವವೇ ಬೆಂಕಿ ಹಾಕಿರುತ್ತಾರೆ.

ಬಾಗಿಲಿಗೆ ಬಂದ ತಕ್ಷಣ "ಆಸ್ರಿಗೆ ಬೇಕಾ?" ಎಂದು ಕೇಳುತ್ತಾರೆ. ನೀರು-ಬೆಲ್ಲವೋ, ಮುರುಗಲು ಹಣ್ಣಿನ ಪಾನಕವೋ, ಮಜ್ಜಿಗೆಯೋ ಬರುತ್ತದೆ. ಬೇಡ ಎನ್ನಬೇಡಿ. ಯಜಮಾನರನ್ನು ಹೆಗಡೇರೇ, ಭಟ್ರೇ ಎಂದು, ಮನೆಯಾಕೆಯನ್ನು ಅಕ್ಕಾ ಎಂದು ಕರೆದರೆ ಅರ್ಧ ಪರಿಚಯ ಆದ ಹಾಗೆಯೇ.

ಕೊಯ್ಲಿನ ದಿನಗಳಲ್ಲಿ ಬಂದಿದ್ದರೆ ರಾತ್ರಿ ಊಟ ಆದ ಮೇಲೆ ಮಕ್ಕಳನ್ನು ಬೇಗ ಮಲಗಿಸಬೇಡಿ. ಅಂಗಳದಲ್ಲಿ ಹಸಿ ಅಡಿಕೆಯ ರಾಶಿ, ಸುತ್ತ ಮೆಟ್ಟುಗತ್ತಿಯ ಮೇಲೆ ಕೂತ ಅಕ್ಕಪಕ್ಕದ ಮನೆಯವರು. ಕಾಯಿಯನ್ನು ಕತ್ತಿಗೆ ಒತ್ತಿ ಒಂದು ತಿರುವು ಕೊಟ್ಟರೆ ಸಿಪ್ಪೆ ಬಿಡುತ್ತದೆ, ಬೇಳೆ ಬುಟ್ಟಿಗೆ ಬೀಳುತ್ತದೆ. ಕಣ್ಣು ಕತ್ತಿಯ ಮೇಲಿಲ್ಲ, ಮಾತಿನ ಮೇಲೆ. ಊರ ಸುದ್ದಿ, ಯಕ್ಷಗಾನದ ಆಟದ ಸುದ್ದಿ, ಯಾರ ಮನೆಯ ಮದುವೆ, ಎಲ್ಲ ಅಲ್ಲೇ. ಮಾರನೇ ದಿನ ಅದನ್ನು ಚೊಗರು (ಅಡಿಕೆ ಬೇಯಿಸಿ ಉಳಿದ ಗಟ್ಟಿ ರಸ) ಹಾಕಿ ಬೇಯಿಸಿದರೆ ಕೆಂಪಡಿಕೆ. ದೂರ ಕೂತು ನೋಡಲು ಮಕ್ಕಳಿಗೆ ಹೇಳಿ, ಕತ್ತಿ ಮುಟ್ಟಲು ಬಿಡಬೇಡಿ. ಇಂಥದ್ದು ಯಾವ ಪ್ರವಾಸಿ ಪಟ್ಟಿಯಲ್ಲೂ ಇರುವುದಿಲ್ಲ. ನನ್ನ ಕೇಳಿದರೆ ಒಂದು ಜಲಪಾತ ತಪ್ಪಿದರೂ ಇದು ತಪ್ಪಬಾರದು.

ನಾಲ್ಕನೆಯದು: ದಿನಕ್ಕೆ ಒಂದೇ ದಿಕ್ಕು

ನಕಾಶೆಯಲ್ಲಿ ಎಲ್ಲ ಹತ್ತಿರ ಕಾಣುತ್ತದೆ. ತಿರುವಿನ ರಸ್ತೆಯಲ್ಲಿ 40 ಕಿ.ಮೀ.ಗೆ ಒಂದು ಗಂಟೆ ಮೀರಿ ಹಿಡಿಯುತ್ತದೆ. ಹಾಗಾಗಿ ದಿನಕ್ಕೆ ಒಂದು ದಿಕ್ಕು ಹಿಡಿಯಿರಿ, ಎರಡು ಜಾಗಕ್ಕಿಂತ ಹೆಚ್ಚು ಇಟ್ಟುಕೊಳ್ಳಬೇಡಿ.

ಯಲ್ಲಾಪುರ ರಸ್ತೆಯ ಕಡೆ ಸಹಸ್ರಲಿಂಗ ಮತ್ತು ಸೋಂದಾ. ಎರಡೂ ಶಿರಸಿಯಿಂದ 20 ಕಿ.ಮೀ. ಆಸುಪಾಸು. ಸೋಂದೆಯ ಅರಸ ಸದಾಶಿವರಾಯನ ಕಾಲದಲ್ಲಿ ಹೊಳೆಯ ಬಂಡೆಗಳ ಮೇಲೇ ಲಿಂಗ, ನಂದಿ ಕೆತ್ತಿಸಿದರು. ಬೆಳಿಗ್ಗೆ ಬೇಗ ಹೋದರೆ ಜನ ಕಡಿಮೆ, ಬಂಡೆ ಕಾದಿರುವುದಿಲ್ಲ. ತೂಗುಸೇತುವೆ ಮಕ್ಕಳಿಗೆ ಇಷ್ಟ. ಅಲ್ಲಿಂದ ಸೋಂದಾಕ್ಕೆ ಹೋದರೆ ಮಾಧ್ವ ಯತಿ ವಾದಿರಾಜರ ವೃಂದಾವನ ಇರುವ ಮಠ. ಸ್ವರ್ಣವಲ್ಲಿ ಮಠ, ಜೈನ ಮಠವೂ ಅದೇ ಸುತ್ತಿನಲ್ಲಿವೆ. ಮಳೆಗಾಲದಲ್ಲಿ ಬಂದವರು ಮುಂಡಿಗೆ ಕೆರೆ ನೋಡಿ. ಕೆರೆಯೊಳಗಿನ ಮುಂಡಿಗೆ ಪೊದೆಗಳ ಮೇಲೆ ಬೆಳ್ಳಕ್ಕಿಗಳು ಗೂಡು ಕಟ್ಟುತ್ತವೆ. ಅಲ್ಲಿ ಮಕ್ಕಳು ಗಲಾಟೆ ಮಾಡದ ಹಾಗೆ ನೋಡಿಕೊಳ್ಳಿ.

ಯಾಣಕ್ಕೆ ಪೂರ್ತಿ ಒಂದು ದಿನ ಬಿಡಿ. ಶಿರಸಿಯಿಂದ ಸುಮಾರು 40 ಕಿ.ಮೀ. ಗಾಡಿ ನಿಲ್ಲಿಸಿ ಕಾಡಿನ ದಾರಿಯಲ್ಲಿ ನಡೆಯಬೇಕು, ಕೊನೆಗೆ ಮೆಟ್ಟಿಲು ಹತ್ತಬೇಕು. ಮರಗಳ ನಡುವಿಂದ ಇದ್ದಕ್ಕಿದ್ದಂತೆ ಕಪ್ಪು ಬಂಡೆ ಎದ್ದು ನಿಲ್ಲುತ್ತದೆ. ಭೈರವೇಶ್ವರ ಶಿಖರ 120 ಮೀಟರ್, ಮೋಹಿನಿ ಶಿಖರ 90 ಮೀಟರ್. ಭೈರವೇಶ್ವರನ ಹಿಂದಿನ ಬಿರುಕಿನೊಳಗೆ ನುಗ್ಗಿ ಒಂದು ಸುತ್ತು ಬರಬಹುದು. ಒಳಗೆ ತಂಪು, ಮೇಲೆ ಆಕಾಶದ ಸಣ್ಣ ತುಂಡು. ಮೆಟ್ಟಿಲು ಜಾರುತ್ತದೆ, ಮಂಡಿ ನೋವಿದ್ದವರು ಕೆಳಗೇ ಕೂತು ನೋಡಲಿ. ಬಂಡೆಯಲ್ಲಿ ಹೆಜ್ಜೇನು ಕಟ್ಟುವುದುಂಟು, ಹೊಗೆ ಹಾಕುವುದು, ಕಲ್ಲು ಹೊಡೆಯುವುದು ಬೇಡವೇ ಬೇಡ. ಹೊಟ್ಟೆ ತುಂಬ ತಿಂದು, ಬುತ್ತಿ ಕಟ್ಟಿಕೊಂಡು ಹೊರಡಿ.

ಬನವಾಸಿ ಸುಮಾರು 23 ಕಿ.ಮೀ., ಅರ್ಧ ದಿನದ ಕೆಲಸ. ರಸ್ತೆ ಸುಲಭ, ಹಿರಿಯರಿಗೆ ಹೇಳಿಮಾಡಿಸಿದ್ದು. ನಾಲ್ಕನೇ ಶತಮಾನದಲ್ಲಿ ಮಯೂರಶರ್ಮ ಕಟ್ಟಿದ ಕದಂಬ ರಾಜ್ಯದ ರಾಜಧಾನಿ ಇದು. ಮಧುಕೇಶ್ವರ ದೇವಸ್ಥಾನದಲ್ಲಿ ಮಕ್ಕಳಿಗೆ ಎರಡು ವಸ್ತು ತೋರಿಸಿ. ಒಂದು, ನಂದಿ. ಒಂದು ಕಣ್ಣು ಶಿವನ ಕಡೆ, ಇನ್ನೊಂದು ಪಕ್ಕದ ಗುಡಿಯ ಪಾರ್ವತಿಯ ಕಡೆ ಎನ್ನುತ್ತಾರೆ. ಎಲ್ಲಿ ನಿಂತರೆ ಅದು ಗೊತ್ತಾಗುತ್ತದೆ ಎಂದು ಅವರೇ ಹುಡುಕಲಿ. ಇನ್ನೊಂದು, ಕಲ್ಲಿನ ಮಂಚ. ಅದರ ಕಾಲಿನ ಕೆತ್ತನೆ ಹತ್ತಿರದಿಂದ ನೋಡಿದಷ್ಟೂ ಮುಗಿಯುವುದಿಲ್ಲ. ಬರುವಾಗ ಬನವಾಸಿಯ ಅನಾನಸ್ ಕೊಳ್ಳಿ. ಸಂಜೆ ಮಾರಿಕಾಂಬೆಯ ದರ್ಶನ ಮಾಡಿ, ಗೋಡೆಯ ಮೇಲಿನ ಕಾವಿ ಚಿತ್ರಗಳನ್ನೂ ನಿಧಾನವಾಗಿ ನೋಡಿ.

ಉಂಚಳ್ಳಿ ಸಿದ್ದಾಪುರ ತಾಲೂಕಿನ ಹೆಗ್ಗರಣೆಯ ಕಡೆಗಿದೆ. 116 ಮೀಟರ್ ಎತ್ತರದಿಂದ ಅಘನಾಶಿನಿ ಬೀಳುವ ಸದ್ದಿಗೆ ಕೆಪ್ಪ ಜೋಗ ಎಂದೂ ಕರೆಯುತ್ತಾರೆ. ನೋಡಲು ಮೆಟ್ಟಿಲು ಇಳಿಯಬೇಕು, ಇಳಿದಷ್ಟನ್ನೂ ಮತ್ತೆ ಹತ್ತಬೇಕು. ಉಸಿರು ಕಟ್ಟುವವರು ಪೂರ್ತಿ ಇಳಿಯದಿರುವುದೇ ಲೇಸು.

ಗೋಕರ್ಣವನ್ನೂ ಸೇರಿಸಿಕೊಳ್ಳೋಣ ಎನ್ನುವವರು ಇದ್ದೇ ಇರುತ್ತಾರೆ. ಐದು ದಿನ ಇದ್ದರೆ ಘಟ್ಟ ಇಳಿಯಿರಿ. ಮೂರೇ ದಿನ ಎಂದರೆ ಬೇಡ. ಸಮುದ್ರಕ್ಕೆ ಇನ್ನೊಮ್ಮೆ ಬಂದರಾಯಿತು.

ನೀರಿನ ಹತ್ತಿರ

ಇದನ್ನು ಕೈಮುಗಿದು ಕೇಳಿಕೊಳ್ಳುತ್ತೇನೆ. ಇಲ್ಲಿನ ಹೊಳೆಗಳಲ್ಲಿ ಈಜಲು ಇಳಿಯಬೇಡಿ. ಶಾಲ್ಮಲೆಯಲ್ಲಿ ಪ್ರವಾಸಕ್ಕೆ ಬಂದವರು ಮುಳುಗಿದ್ದಾರೆ. ಮೇಲೆ ಶಾಂತವಾಗಿ ಕಂಡರೂ ಬಂಡೆಗಳ ನಡುವೆ ಆಳವಾದ ಗುಂಡಿಗಳಿರುತ್ತವೆ, ಪಾಚಿ ಕಟ್ಟಿದ ಕಲ್ಲು ಕಾಲು ಹಿಡಿಯುವುದಿಲ್ಲ. ನೀವು ನಿಂತಲ್ಲಿ ಬಿಸಿಲಿದ್ದರೂ ಮೇಲ್ಗಡೆ ಮಳೆಯಾದರೆ ನೀರು ಒಮ್ಮೆಗೇ ಏರುತ್ತದೆ. ಒಬ್ಬರು ಜಾರಿದರೆ ಹಿಡಿಯಲು ಇನ್ನೊಬ್ಬರು ಹಾರುತ್ತಾರೆ. ಹಾಗೆಯೇ ಒಂದು ಮನೆ ಖಾಲಿಯಾಗುತ್ತದೆ. ಊರವರು "ಇಲ್ಲಿ ಇಳೀಬೇಡಿ" ಎಂದರೆ ಅದು ಕೊನೆಯ ಮಾತು.

ಐದನೆಯದು: ಚೀಲದಲ್ಲಿ ಏನಿರಬೇಕು

ಹಿಡಿತ ಇರುವ ಚಪ್ಪಲಿ ಅಥವಾ ಬೂಟು, ಕೊಡೆ, ಟಾರ್ಚು, ವಾಂತಿಯ ಮಾತ್ರೆ, ದಿನವೂ ತೆಗೆದುಕೊಳ್ಳುವ ಔಷಧ. ನಗದು ದುಡ್ಡು ಬೇಕೇ ಬೇಕು. ಕಾಡಿನ ಕಡೆ ನೆಟ್‌ವರ್ಕ್ ಇರುವುದಿಲ್ಲ, ಫೋನ್‌ಪೇ ನಡೆಯುವುದಿಲ್ಲ. ಪೆಟ್ರೋಲ್ ಪೇಟೆಯಲ್ಲೇ ತುಂಬಿಸಿಕೊಳ್ಳಿ.

ಮಳೆಗಾಲದಲ್ಲಿ ಉಂಬಳ (ಜಿಗಣೆ) ಹತ್ತುತ್ತವೆ. ಕಿರುಚಾಡುವ ಅಗತ್ಯ ಇಲ್ಲ. ಸಣ್ಣ ಡಬ್ಬಿಯಲ್ಲಿ ಸುಣ್ಣ ಅಥವಾ ಉಪ್ಪು ಇಟ್ಟುಕೊಳ್ಳಿ, ತಾಗಿಸಿದರೆ ತಾನೇ ಉದುರುತ್ತದೆ. ಎಳೆದು ಕಿತ್ತರೆ ಗಾಯ ತುರಿಸುತ್ತಲೇ ಇರುತ್ತದೆ.

ಡಿಸೆಂಬರ್‌ನಿಂದ ಮೇವರೆಗಿನ ಎಚ್ಚರಿಕೆ ಬೇರೆ, ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಮಂಗನ ಕಾಯಿಲೆ ಹರಡುವ ಕಾಲ ಅದು. ಕಾಡಿನ ಉಣುಗು, ಅಂದರೆ ರಕ್ತ ಹೀರುವ ಸಣ್ಣ ಹುಳ, ಕಚ್ಚಿದರೆ ಬರುತ್ತದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನಲ್ಲಿ ಮೊದಲು ಪತ್ತೆಯಾದ ಈ ಜ್ವರ ಸಿದ್ದಾಪುರ ತಾಲೂಕಿನಲ್ಲೂ ಜೀವ ತೆಗೆದಿದೆ. ದಾರಿ ಬಿಟ್ಟು ಕಾಡಿನೊಳಗೆ ಹೋಗಬೇಡಿ, ತರಗೆಲೆಯ ಮೇಲೆ ಕೂರಬೇಡಿ. ಮೈತುಂಬ ಬಟ್ಟೆ ಹಾಕಿ. ಸಂಜೆ ಬಂದವರೇ ಬಿಸಿನೀರಿನ ಸ್ನಾನ ಮಾಡಿ, ಬಟ್ಟೆ ಒಗೆಯಲು ಹಾಕಿ, ಮಕ್ಕಳ ಮೈ ನೋಡಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಊರವರಿಗೆ ತಿಳಿಸಿ. ಊರಿಗೆ ಮರಳಿದ ಮೇಲೆ ಒಂದೆರಡು ವಾರದೊಳಗೆ ಜೋರು ಜ್ವರ, ಮೈಕೈ ನೋವು ಬಂದರೆ ಮಲೆನಾಡಿಗೆ ಹೋಗಿದ್ದೆವು ಎಂದು ಡಾಕ್ಟರಿಗೆ ಮೊದಲೇ ಹೇಳಿ.

ಊಟ, ಕೊಳ್ಳುವುದು

ಹೋಂಸ್ಟೇಯಲ್ಲಿ ಮಕ್ಕಳಿಗೆಂದು ನೂಡಲ್ಸ್ ಕೇಳುವುದು ಬಿಡಿ. ಬೆಳಿಗ್ಗೆ ತೆಳ್ಳೇವು ಎಂಬ ತೆಳು ದೋಸೆ, ಜೋನಿಬೆಲ್ಲ ಎಂಬ ನೀರು ಬೆಲ್ಲ. ಮಧ್ಯಾಹ್ನ ತಂಬ್ಳಿ, ಅಪ್ಪೆಹುಳಿ (ಹುಳಿ ಮಾವಿನಕಾಯಿಯ ತೆಳು ಸಾರು), ಹಲಸಿನ ಹಪ್ಪಳ. ಅಪ್ಪೆಹುಳಿ ಕುಡಿದರೆ ಮಧ್ಯಾಹ್ನ ನಿದ್ದೆ ಬರುತ್ತದೆ. ಅದಕ್ಕೂ ಸಮಯ ಇಟ್ಟುಕೊಳ್ಳಿ. ಯಾರಿಗೆ ಏನು ಆಗುವುದಿಲ್ಲ ಎಂಬುದನ್ನು ಹಿಂದಿನ ದಿನವೇ ಹೇಳಿದರೆ ಮನೆಯವರಿಗೆ ಅನುಕೂಲ.

ತೊಡೆದೇವು ಮಾಡುವುದನ್ನು ನೋಡಲು ಸಿಕ್ಕರೆ ನೋಡಿ. ಬೋರಲು ಹಾಕಿದ ಮಡಕೆಯ ಬೆನ್ನಿಗೆ ಕಬ್ಬಿನ ಹಾಲು ಸೇರಿಸಿದ ಅಕ್ಕಿಹಿಟ್ಟನ್ನು ತೆಳ್ಳಗೆ ಸವರುತ್ತಾರೆ, ಕ್ಷಣದಲ್ಲಿ ಎದ್ದು ಬರುತ್ತದೆ, ಬಿಸಿ ಇರುವಾಗಲೇ ಮಡಚಬೇಕು. ಊರಿಗೆ ಒಯ್ಯುವುದಾದರೆ ಗಟ್ಟಿ ಡಬ್ಬಿ ಬೇಕು, ಚೀಲದಲ್ಲಿ ಹಾಕಿದರೆ ಪುಡಿಯಾಗುತ್ತದೆ. ಅಪ್ಪೆಮಿಡಿ ಉಪ್ಪಿನಕಾಯಿ, ಹಪ್ಪಳ, ಬಾಳೆಕಾಯಿ ಚಿಪ್ಸ್, ಜೋನಿಬೆಲ್ಲ ಪೇಟೆಯ ಸಹಕಾರಿ ಸಂಘಗಳ ಮಳಿಗೆಗಳಲ್ಲಿ ಸಿಗುತ್ತವೆ. ಕೊಳ್ಳುವ ಕೆಲಸ ಕೊನೆಯ ದಿನಕ್ಕಿಡಿ. ಜೋನಿಬೆಲ್ಲದ ಡಬ್ಬಿಯನ್ನು ಮಾತ್ರ ಬಟ್ಟೆಯ ಚೀಲದಲ್ಲಿ ಇಡದೆ, ಮುಚ್ಚಳಕ್ಕೆ ಪ್ಲಾಸ್ಟಿಕ್ ಕಟ್ಟಿ ಕಾಲಬುಡದಲ್ಲಿ ನೆಟ್ಟಗೆ ನಿಲ್ಲಿಸಿಕೊಂಡು ಹೋಗಿ.